ಕಾಣದುದನ್ನು ಎಣಿಸಿದವನು: ಲೂಡ್ವಿಗ್ ಬೋಲ್ಟ್ಸ್‌ಮನ್

ಸತ್ಯವನ್ನು ಕಂಡವನು ಅದು ಲೋಕಮಾನ್ಯವಾಗುವ ದಿನದವರೆಗೂ ಬಾಳುವನೆಂಬ ಭರವಸೆಯಿಲ್ಲ. ವಿಜ್ಞಾನದ ಇತಿಹಾಸದಲ್ಲಿ ಈ ಮಾತಿಗೆ ಲೂಡ್ವಿಗ್ ಬೋಲ್ಟ್ಸ್‌ಮನ್ನನ ಬಾಳಿಗಿಂತ ಮರುಕ ಹುಟ್ಟಿಸುವ ನಿದರ್ಶನ ವಿರಳ.

ಅವನು ಹುಟ್ಟಿದ್ದು 1844ರ ಫೆಬ್ರವರಿ 20ರಂದು, ವಿಯೆನ್ನಾ ನಗರದಲ್ಲಿ. ತೆರಿಗೆಯ ಅಧಿಕಾರಿಯಾಗಿದ್ದ ತಂದೆ, ಮಗನಿಗೆ ಹದಿನೈದು ವರ್ಷವಾಗಿದ್ದಾಗ ತೀರಿಕೊಂಡನು. ಬಾಲ್ಯದಲ್ಲಿ ಸಂಗೀತಕಾರ ಬ್ರುಕ್ನರನಿಂದ ಪಿಯಾನೊ ಕಲಿತ ಈತನಿಗೆ ಕೊನೆಯವರೆಗೂ ಸಂಗೀತದಲ್ಲಿಯೂ ಕಾವ್ಯದಲ್ಲಿಯೂ ಅಕ್ಕರೆ. 1905ರಲ್ಲಿ ಪ್ರಕಟವಾದ ತನ್ನ ಜನಪ್ರಿಯ ಬರಹಗಳ ಸಂಪುಟವನ್ನು ಅವನು ಕವಿ ಷಿಲ್ಲರನ ಸ್ಮರಣೆಗೆ ಅರ್ಪಿಸಿದನು.

ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ಸ್ಟೆಫಾನ್ ಅವನಿಗೆ ಗುರುವಾಗಿ ದೊರೆತನು. ಮ್ಯಾಕ್ಸ್‌ವೆಲ್ಲನ ಲೇಖನಗಳನ್ನು ಶಿಷ್ಯನ ಕೈಗಿತ್ತ ಆ ಗುರು, ಅವನಿಗೆ ಇಂಗ್ಲಿಷ್ ಬಾರದೆಂದು ಒಂದು ವ್ಯಾಕರಣ ಗ್ರಂಥವನ್ನೂ ಜೊತೆಗೆ ಕೊಟ್ಟನು. 1869ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಬೋಲ್ಟ್ಸ್‌ಮನ್ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕನಾದನು. ಹೆಣ್ಣುಮಕ್ಕಳು ಅಲ್ಲಿನ ತರಗತಿಯಲ್ಲಿ ಕುಳಿತು ಪಾಠ ಕೇಳುವುದಕ್ಕೂ ಅಡ್ಡಿಯಿದ್ದ ಕಾಲವದು. ಹಾಗೆ ತಡೆಯಲ್ಪಟ್ಟ ಹೆನ್ರಿಯೆಟ್ಟೆ ಎಂಬ ತರುಣಿಗೆ, ಮೇಲಿನವರಿಗೆ ಮನವಿ ಸಲ್ಲಿಸೆಂದು ಧೈರ್ಯ ಹೇಳಿದವನು ಈತ. 1876ರಲ್ಲಿ ಅವಳೇ ಅವನ ಮಡದಿಯಾದಳು.

ಅವನನ್ನು ಕಾಡಿದ ಪ್ರಶ್ನೆ ನಮ್ಮ ನಿತ್ಯದ ಅನುಭವದಲ್ಲಿಯೇ ಇದೆ. ಊದುಬತ್ತಿಯ ಪರಿಮಳ ಕೋಣೆಯನ್ನೆಲ್ಲ ತುಂಬುತ್ತದೆ; ಹರಡಿದ ಪರಿಮಳ ತಾನಾಗಿ ಮರಳಿ ಬತ್ತಿಯನ್ನು ಸೇರುವುದಿಲ್ಲ. ಬಿಸಿ ಹಾಲು ಆರುತ್ತದೆ. ಆರಿದ ಹಾಲು ತಾನಾಗಿ ಕಾಯುವುದಿಲ್ಲ. ಎಂಟ್ರೊಪಿ ಎಂಬುದೊಂದು ಪರಿಮಾಣ ಸದಾ ಹೆಚ್ಚುತ್ತ ಹೋಗುವುದೇ ಇದಕ್ಕೆ ಕಾರಣವೆಂದು ಉಷ್ಣಗತಿಶಾಸ್ತ್ರ ಹೇಳುತ್ತಿತ್ತು. ಅದು ಏಕೆ ಹೆಚ್ಚಬೇಕು? ಅಣುಗಳ ಚಲನೆಯಿಂದಲೇ ಇದನ್ನು ವಿವರಿಸಲು ಬೋಲ್ಟ್ಸ್‌ಮನ್ 1872ರಲ್ಲಿ ತೊಡಗಿದನು. ಹಿಂದು ಮುಂದುಗಳ ಭೇದವನ್ನೇ ಅರಿಯದ ಚಲನನಿಯಮಗಳಿಂದ ಒಂದೇ ದಿಕ್ಕಿನ ಪ್ರವಾಹ ಹೇಗೆ ಹುಟ್ಟೀತೆಂದು ಅವನ ಗೆಳೆಯ ಲೋಷ್ಮಿಟ್ ಆಕ್ಷೇಪವೆತ್ತಿದನು. 1877ರಲ್ಲಿ ಉತ್ತರ ಬಂದಿತು: ಎಣಿಸಿ ನೋಡಬೇಕು. ಪರಿಮಳದ ಕಣಗಳು ಕೋಣೆಯಲ್ಲೆಲ್ಲ ಚದುರಿರಲು ಇರುವ ಬಗೆಗಳು ಅಸಂಖ್ಯ; ಬತ್ತಿಯ ತುದಿಯಲ್ಲಿ ಒಟ್ಟುಗೂಡಿರಲು ಇರುವ ಬಗೆಗಳು ಅವುಗಳ ಮುಂದೆ ಇಲ್ಲವೆಂಬಷ್ಟು ಕಡಮೆ. ಹಿಂದಿರುಗುವುದು ನಿಷಿದ್ಧವಲ್ಲ, ಅಸಂಭಾವ್ಯ, ಅಷ್ಟೆ. ಪ್ರಕೃತಿಯ ನಿಯಮವೊಂದನ್ನು ಸಂಭಾವ್ಯತೆಯ ಮೇಲೆ ನಿಲ್ಲಿಸಿದ ಸಾಹಸವಿದು.

ಆದರೆ ಕಣ್ಣಿಗೆ ಕಾಣದ ಅಣುಗಳನ್ನು ಎಣಿಸುವುದೆಂತು? ಮಾಖ್, ಓಸ್ಟ್‌ವಾಲ್ಡರಂತಹ ಗಣ್ಯರು ಅಣುಗಳ ಇರವನ್ನೇ ಒಪ್ಪಲಿಲ್ಲ. 1895ರಲ್ಲಿ ಲ್ಯೂಬೆಕ್ ನಗರದ ವಿದ್ವತ್ಸಭೆಯಲ್ಲಿ ಬೋಲ್ಟ್ಸ್‌ಮನ್ ಅವರ ವಾದವನ್ನು ನೇರವಾಗಿ ಎದುರಿಸಿದನು. ಮನಸ್ಸು ಮಾತ್ರ ನೆಮ್ಮದಿಯನ್ನು ಕಾಣಲಿಲ್ಲ. 1889ರಲ್ಲಿ ಹನ್ನೊಂದು ವರ್ಷದ ಮಗ ತೀರಿಕೊಂಡಿದ್ದನು. ಮ್ಯೂನಿಕ್, ವಿಯೆನ್ನಾ, ಲೈಪ್‌ಜಿಗ್, ಮತ್ತೆ ವಿಯೆನ್ನಾ ಎಂದು ಪೀಠದಿಂದ ಪೀಠಕ್ಕೆ ಅಲೆದಾಟ, ಮಂದವಾಗುತ್ತಿದ್ದ ಕಣ್ಣು, ಬಿಡದ ಖಿನ್ನತೆ. 1906ರ ಸೆಪ್ಟೆಂಬರ್ 5ರಂದು, ಟ್ರಿಯೆಸ್ಟ್ ಬಳಿಯ ಡುಯಿನೋ ಎಂಬ ಕಡಲತಡಿಯ ಊರಿನಲ್ಲಿ, ಅವನು ತನ್ನ ಬಾಳನ್ನು ತಾನೇ ಕೊನೆಗಾಣಿಸಿಕೊಂಡನು. ವಿರೋಧಿಗಳ ಟೀಕೆಯೇ ಅವನನ್ನು ಕೊಂದಿತೆಂದು ಹೇಳುವುದು ಸುಲಭ. ಆದರೆ ದೀರ್ಘಕಾಲದ ಮನೋವ್ಯಾಧಿಯನ್ನು ಮರೆತು ಹಾಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಅಣುಗಳ ಇರವನ್ನು ಪರೀಕ್ಷಿಸುವ ದಾರಿಯನ್ನು ತೋರಿದ ಐನ್‌ಸ್ಟೈನನ ಲೇಖನ 1905ರಲ್ಲಿಯೇ ಹೊರಬಂದಿತ್ತು. 1908ರಲ್ಲಿ ಪೆರೆನ್ನನ ಪ್ರಯೋಗಗಳು ಅದನ್ನು ದೃಢಪಡಿಸಿದವು. ಮರುವರ್ಷ ಓಸ್ಟ್‌ವಾಲ್ಡನೇ ಸೋಲೊಪ್ಪಿದನು. ಇನ್ನೆರಡು ಮೂರು ವರ್ಷ ಬದುಕಿದ್ದರೆ ಬೋಲ್ಟ್ಸ್‌ಮನ್ ಅದನ್ನು ಕಣ್ಣಾರೆ ಕಾಣುತ್ತಿದ್ದನು.

ಅವನ ಎಣಿಕೆ ಅಲ್ಲಿಗೆ ನಿಲ್ಲಲಿಲ್ಲ. ಕಾದ ವಸ್ತು ಸೂಸುವ ವಿಕಿರಣಶಕ್ತಿಯು ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವೆಂದು ಗುರು ಸ್ಟೆಫಾನ್ 1879ರಲ್ಲಿ ಪ್ರಯೋಗಗಳ ಆಧಾರದಿಂದ ಹೇಳಿದ್ದನ್ನು ಶಿಷ್ಯನು 1884ರಲ್ಲಿ ಸಿದ್ಧಾಂತದಿಂದ ಸಾಧಿಸಿದ್ದನು. ಸೂಪರ್‌ಸಿಮೆಟ್ರಿ ಎಂಬ ಗುಣವುಳ್ಳ ಗೇಜ್ ಸಿದ್ಧಾಂತಗಳನ್ನು ಅತ್ಯುಷ್ಣ ಸ್ಥಿತಿಯಲ್ಲಿ ಪರಿಶೀಲಿಸುವ ಇಂದಿನ ವಿದ್ವಾಂಸರಿಗೂ ಅದೇ ನಾಲ್ಕನೆಯ ಘಾತ ಎದುರಾಗುತ್ತದೆ. 1996ರಲ್ಲಿ ಗಬ್ಸರ್, ಕ್ಲೆಬನೋವ್, ಪೀಟ್ ಎಂಬ ಮೂವರು ಅಂತಹ ಒಂದು ಸಿದ್ಧಾಂತದ ಎಂಟ್ರೊಪಿಯನ್ನು ಕಪ್ಪುಕುಳಿಯ ಗಣಿತದಿಂದ ಲೆಕ್ಕ ಹಾಕಿದರು. ಕಣಗಳು ಪರಸ್ಪರ ಸೋಂಕದೆ ಸ್ವತಂತ್ರವಾಗಿದ್ದರೆ ಬರುವ ಮೊತ್ತದ ಮುಕ್ಕಾಲು ಪಾಲು ದೊರೆಯಿತು. ಎಣಿಸುವ ವಸ್ತು ಬದಲಾಯಿತು, ಎಣಿಕೆಯ ತತ್ತ್ವ ಬದಲಾಗಲಿಲ್ಲ.

ವಿಯೆನ್ನಾದಲ್ಲಿ ಅವನ ಸಮಾಧಿಯ ಮೇಲೆ, ಎಂಟ್ರೊಪಿಯನ್ನು ಈ ಎಣಿಕೆಯೊಡನೆ ಬೆಸೆಯುವ ಸೂತ್ರವನ್ನು ಕೆತ್ತಿದ್ದಾರೆ. ಅದನ್ನು ಆ ರೂಪದಲ್ಲಿ ಬರೆದವನು ಬೋಲ್ಟ್ಸ್‌ಮನ್ ಅಲ್ಲ, ಮ್ಯಾಕ್ಸ್ ಪ್ಲಾಂಕ್: ಅಣುವಾದವನ್ನು ಒಂದು ಕಾಲದಲ್ಲಿ ಸಂದೇಹದಿಂದ ನೋಡಿದವನು, ಮುಂದೆ 1900ರಲ್ಲಿ, ವಿಕಿರಣದ ಒಗಟನ್ನು ಬಿಡಿಸಲು ಬೇರೆ ದಾರಿ ಕಾಣದೆ, ಬೋಲ್ಟ್ಸ್‌ಮನ್ನನ ಎಣಿಕೆಗೇ ಶರಣು ಬಂದವನು.