ಬ್ರಹ್ಮಗಿರಿಗೆ ಬಾರದ ಅಶೋಕನ ಮಾತು

ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೊರಟರೆ ಶೇಂಗಾ ಹೊಲ, ಕಲ್ಲುಗುಡ್ಡ ದಾಟಿ ಮೊಳಕಾಲ್ಮೂರು ತಾಲೂಕಿನ ರಾಂಪುರ ಬರುತ್ತೆ. ಅಲ್ಲೇ ಹತ್ತಿರ ಅಶೋಕ ಸಿದ್ದಾಪುರ. ಬ್ರಹ್ಮಗಿರಿ ಬೆಟ್ಟದ ಬಳಿ ಒಂದು ಬಂಡೆಯಿದೆ. ಊರವರು ಅದನ್ನು ಅಕ್ಷರ ಗುಂಡು ಅಂತಿದ್ರು. ಆ ಅಕ್ಷರ ಯಾರ ಮಾತು ಅನ್ನೋದು ಹೊರಗೆ ಗೊತ್ತಾಗಿದ್ದು 1892ರಲ್ಲಿ, ಬಿ.ಎಲ್. ರೈಸ್ ಕಣ್ಣಿಗೆ ಬಿದ್ದ ಮೇಲೆ.

ಅಶೋಕನ ಕತೆ ನಮಗೆಲ್ಲ ಬಾಯಿಪಾಠ. ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. 99 ಅಣ್ಣತಮ್ಮಂದಿರನ್ನು ಕೊಂದು ಪಟ್ಟಕ್ಕೆ ಬಂದ, ಕಳಿಂಗದಲ್ಲಿ ಹೆಣದ ರಾಶಿ ನೋಡಿ ಕತ್ತಿ ಕೆಳಗಿಟ್ಟ, ಅದೇ ಗಳಿಗೆಯಲ್ಲಿ ಬೌದ್ಧನಾದ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತೆ. ಆದ್ರೆ ಅವನದೇ ಶಾಸನಗಳ ಮುಂದೆ ಈ ಕತೆ ಅಲ್ಲಾಡುತ್ತೆ. ಪಟ್ಟವೇರಿ 13 ವರ್ಷವಾದ ಮೇಲೆ ನೇಮಿಸಿದ ಧರ್ಮಾಧಿಕಾರಿಗಳು ತನ್ನ ಸೋದರ, ಸೋದರಿಯರ ಮನೆಗಳಲ್ಲೂ ಕೆಲಸ ಮಾಡುತ್ತಿದ್ದಾರೆ ಅಂತ ಅವನೇ ಬರೆಸಿದ್ದಾನೆ. ಎಲ್ಲರನ್ನೂ ಕೊಂದಿದ್ದರೆ ಆ ಮನೆಗಳು ಎಲ್ಲಿಂದ ಬಂದವು?

ಮತಾಂತರದ ಕತೆಯನ್ನಂತೂ ನಮ್ಮ ಬ್ರಹ್ಮಗಿರಿಯ ಬಂಡೆಯೇ ತಿದ್ದುತ್ತೆ. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರದ್ಧೆ ತೋರಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೆ ಅನ್ನೋದು ಅದರ ಸಾರ. ಸಿನಿಮಾದ ಕ್ಲೈಮ್ಯಾಕ್ಸ್ ಅಲ್ಲ, ನಿಧಾನಕ್ಕೆ ಬದಲಾದ ಮನಸ್ಸು. ನಾನು ಆಗ ಸರಿಯಾಗಿ ಮಾಡಲಿಲ್ಲ ಅಂತ ಕಲ್ಲಲ್ಲಿ ಕೊರೆಸಿದ ಇನ್ನೊಬ್ಬ ಆಳುವವನನ್ನು ತೋರಿಸಿ ನೋಡೋಣ. ಅಡುಗೆಮನೆಯ ವಿಷಯದಲ್ಲೂ ಅಷ್ಟೇ: ಪ್ರಾಣಿವಧೆ ಬೇಡ ಅಂದವನು, ತನ್ನ ಅರಮನೆಯಲ್ಲಿ ಇನ್ನೂ ಎರಡು ನವಿಲು, ಒಂದು ಜಿಂಕೆ ಸಾಯುತ್ತಿವೆ, ಮುಂದೆ ಅವೂ ನಿಲ್ಲುತ್ತವೆ ಅಂತ ಲೆಕ್ಕ ಒಪ್ಪಿಸಿದ.

ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಮಹಾಮಾತ್ರರಿಗೆ ಈ ಸಂದೇಶ ದಾಟಿಸಿದ. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾನೆ. ಬ್ರಹ್ಮಗಿರಿಯ ಹತ್ತಿರವಿದ್ದ ಊರೇ ಇಸಿಲ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಅನ್ನುತ್ತೆ ಬಂಡೆ. ಹುಟ್ಟಿನ ಲೆಕ್ಕ ಹಿಡಿದವರಿಗೆ ಅದು ಹಿಡಿಸಿರಲಾರದು. ಆದರೆ ಅದರ ಕೊನೆಯ ಭಾಗ ಹಳೇ ಜಾಡಿನದು: ತಂದೆತಾಯಿ ಮಾತು ಕೇಳು, ಗುರುವಿಗೆ ತಲೆಬಾಗು, ಸತ್ಯ ಹೇಳು, ಇದೇ ಪುರಾತನ ಪದ್ಧತಿ. ಪ್ರಶ್ನೆ ಕೇಳು ಅಂತ ಎಲ್ಲೂ ಇಲ್ಲ.

ಆ ಮಾತು ಬಂದಿದ್ದು ಸ್ವಲ್ಪ ತಡವಾಗಿ, 12ನೇ ಬಂಡೆಶಾಸನದಲ್ಲಿ. ಕರ್ನಾಟಕದಲ್ಲಿ ಅದು ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಅಲ್ಲಿ ಅಶೋಕ ಪಂಥ ಪಂಥಗಳ ನಡುವಿನ ವಾದಕ್ಕೆ ಒಂದು ನಡಾವಳಿ ಹಾಕಿಕೊಟ್ಟ. ಸಂದರ್ಭವಿಲ್ಲದೆ ನಿನ್ನ ಪಂಥ ಹೊಗಳಬೇಡ, ಇನ್ನೊಬ್ಬರದನ್ನು ತೆಗಳಬೇಡ. ಟೀಕಿಸಲೇಬೇಕಾದರೆ ಹದವಾಗಿ ಟೀಕಿಸು. ಇನ್ನೊಬ್ಬರ ಧರ್ಮವನ್ನೂ ಕಿವಿಗೊಟ್ಟು ಕೇಳು. ಎದುರಿನವನನ್ನು ಹೀನಾಯ ಮಾಡಿದವನು ತನ್ನ ಪಂಥಕ್ಕೇ ಹಾನಿ ಮಾಡ್ತಾನೆ. ರಾತ್ರಿ ಒಂಬತ್ತರ ಟಿವಿ ಚರ್ಚೆ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಕಾಯಿಲೆ, ಮದುವೆ, ಪ್ರಯಾಣ ಅಂತ ಜನ ಮಾಡುವ ಮಂಗಳಾಚರಣೆಗಳಿಂದ ಸಿಗುವ ಫಲ ಅಷ್ಟಕ್ಕಷ್ಟೇ, ಆಳುಕಾಳುಗಳನ್ನು ಸರಿಯಾಗಿ ನೋಡಿಕೊಳ್ಳೋದೇ ನಿಜವಾದ ಮಂಗಳ ಅಂತಲೂ 9ನೇ ಶಾಸನದಲ್ಲಿ ಹೇಳಿದ. ಮೂಢ ಆಚರಣೆಯ ಹೊಣೆಯನ್ನು ಹೆಚ್ಚಾಗಿ ಹೆಂಗಸರ ತಲೆಗೆ ಕಟ್ಟಿದ್ದು ಮಾತ್ರ ಅವನ ಕಾಲದ ಗಂಡಸಿನ ಬುದ್ಧಿ.

ಇಷ್ಟಕ್ಕೇ ಅವನನ್ನು ತಲೆ ಮೇಲೆ ಹೊತ್ತುಕೊಳ್ಳೋದು ಬೇಡ. ಬೇರೆ ಪಂಥಗಳಿಗೆ ಸಹನೆ ಕಲಿಸಿದವನೇ, ತನ್ನ ಬೌದ್ಧ ಸಂಘ ಒಡೆಯುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿ ಬಟ್ಟೆ ಉಡಿಸಿ ಹೊರಗಟ್ಟಿ ಅಂತ ಸಾರನಾಥ, ಸಾಂಚಿಗಳಲ್ಲಿ ಆಜ್ಞೆ ಬರೆಸಿದ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಅಂತ ಮರುಗಿದ 13ನೇ ಶಾಸನದಲ್ಲೇ, ಕಾಡಿನ ಜನರಿಗೆ ತನ್ನ ಬಲ ನೆನಪಿಸಿ ಎಚ್ಚರಿಕೆ ಕೊಟ್ಟ. ಆ ಪಶ್ಚಾತ್ತಾಪವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲೂ ಇಲ್ಲ. ನೊಂದವರಿಗೇ ಕ್ಷಮೆಯ ಮಾತು ತಲುಪಲಿಲ್ಲ. ನನಗೆ ಅವನ ಬದುಕಿನಲ್ಲಿ ಅತ್ಯಂತ ಚುಚ್ಚುವ ಸಂಗತಿ ಇದು.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ಸತ್ತ. ಅರ್ಧ ಶತಮಾನದೊಳಗೆ ಮೌರ್ಯರೂ ಮುಗಿದರು. ಲಿಪಿ ಓದುವವರು ಇಲ್ಲವಾದರು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಶಾಸನ ಬಹುಪಾಲು ಸವೆದುಹೋಯಿತು. ಸನ್ನತಿಯಲ್ಲಿ, ವಾದದ ನಡಾವಳಿ ಹೇಳುವ ಆ ಚಪ್ಪಡಿಗೆ ನಡುವೆ ತೂತು ಕೊರೆದು ದೇವಿ ವಿಗ್ರಹಕ್ಕೆ ಪೀಠ ಮಾಡಿಕೊಂಡಿದ್ದರು. ಬ್ರಹ್ಮಗಿರಿಯ ಬಂಡೆಯಲ್ಲಿ ಮಾತ್ರ ಒಬ್ಬ ಸಾಮಾನ್ಯನೂ ಉಳಿದಿದ್ದಾನೆ. ರಾಜನ ಮಾತನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು ಮುಗಿಸಿದ ಚಪಡ ಎಂಬ ಲಿಪಿಕಾರ, ಕೊನೆಗೆ ತನ್ನ ಕಸುಬಿನ ಹೆಸರನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಗೀಚಿದ್ದಾನೆ. ಇಸಿಲದಲ್ಲಿ ಅದನ್ನು ಓದಬಲ್ಲವರು ಬಹುಶಃ ಒಬ್ಬರೂ ಇರಲಿಲ್ಲ.