ಕಿಟಕಿ ತೆರೆಸಿದ ಮಹಿಳೆ: ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರನು. ಪ್ರಾಥಮಿಕ ಶಾಲೆಯ ಪಾಠದಲ್ಲಿಯೇ ನಾವೆಲ್ಲರೂ ಆಕೆಯನ್ನು ಕಂಡಿದ್ದೇವೆ: ಕೈಯಲ್ಲಿ ದೀಪ, ಮುಖದಲ್ಲಿ ಕರುಣೆ, ಸುತ್ತಲೂ ಗಾಯಾಳು ಸೈನಿಕರು. ಆ ಚಿತ್ರ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ದೀಪದ ಪ್ರಭೆಯಲ್ಲಿ ಆಕೆಯ ದೊಡ್ಡ ಕಾರ್ಯವೊಂದು ಮರೆಯಾಗಿಬಿಟ್ಟಿದೆ. ರೋಗಿಯ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂಬ ಪ್ರಶ್ನೆಯನ್ನು ಆಕೆ ಜೀವಮಾನವೆಲ್ಲ ಬಿಡದೆ ಕೇಳಿದಳು.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಆ ಊರಿನ ಹೆಸರೇ ಆಕೆಗಾಯಿತು. ತಂದೆತಾಯಿಗಳು ಶ್ರೀಮಂತ ಇಂಗ್ಲಿಷರು. ದಾದಿಯಾಗುವುದು ಕುಲೀನ ಮನೆತನದ ಕನ್ಯೆಗೆ ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರು. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿಗೆ ಹೋಗಿ ಶುಶ್ರೂಷೆಯ ಶಿಕ್ಷಣ ಪಡೆದಳು.

ಕ್ರಿಮಿಯಾ ಯುದ್ಧದಲ್ಲಿ, 1854ರ ನವೆಂಬರಿನಲ್ಲಿ, 38 ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಬಂದಳು. ಆಕೆ ಬಂದೊಡನೆ ಸಾವು ನಿಂತಿತೆಂದು ಹೇಳುವುದು ರೂಢಿ. ಹಾಗಾಗಲಿಲ್ಲ. ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಗಿ, 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರಕ್ಕೆ 42 ಜನ ಸತ್ತರು. ಮಾರ್ಚಿಯಲ್ಲಿ ನೈರ್ಮಲ್ಯ ಆಯೋಗವೊಂದು ಬಂದು, ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೆಗೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ, ಜೂನ್ ವೇಳೆಗೆ ಅದು ನೂರಕ್ಕೆ ಎರಡರ ಸಮೀಪಕ್ಕೆ ಇಳಿಯಿತು. ಅಲ್ಲಿಯ ಸಾವುಗಳಲ್ಲಿ ಹೆಚ್ಚಿನವು ಕಾಲರಾ, ರಕ್ತಭೇದಿ, ಜ್ವರಗಳಿಂದ ಆದವು. ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಹಚ್ಚುವುದು ನ್ಯಾಯವಲ್ಲ.

ಗಾಳಿಯ ಮಾತು ಸ್ಪಷ್ಟವಾದದ್ದು ಊರಿಗೆ ಮರಳಿದ ನಂತರ. ಯುದ್ಧವಿಲ್ಲದ ಕಾಲದಲ್ಲಿ, ಇಂಗ್ಲೆಂಡಿನ ಬ್ಯಾರಕುಗಳಲ್ಲಿಯೇ, ಆಯ್ದು ತೆಗೆದ ಗಟ್ಟಿಮುಟ್ಟಾದ ತರುಣ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡು ಪಟ್ಟು ಸಾಯುತ್ತಿದ್ದರು. ಕ್ಷಯ ಮೊದಲಾದ ಎದೆಯ ರೋಗಗಳು ಮುಖ್ಯ ಕಾರಣ. ಕಿಕ್ಕಿರಿದ ಕೋಣೆ, ಮುಚ್ಚಿದ ಕಿಟಕಿ, ಒಬ್ಬನು ಬಿಟ್ಟ ಉಸಿರನ್ನೇ ಇನ್ನೊಬ್ಬನು ಎಳೆದುಕೊಳ್ಳುವ ಸ್ಥಿತಿ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ನ ನೆರವಿನಿಂದ ಆಕೆ ಈ ಅಂಕಿಗಳನ್ನು ಚಿತ್ರಗಳಾಗಿ ಬರೆದು ಮಂತ್ರಿಗಳ ಮುಂದಿಟ್ಟಳು. ಆಗ ತಾನೇ ಹಾಸಿಗೆ ಹಿಡಿದಿದ್ದಳು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಅಲ್ಲಿಂದ ಆಕೆಯ ದೃಷ್ಟಿ ನಮ್ಮ ದೇಶದತ್ತ ತಿರುಗಿತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ರಾಜಾಯೋಗ ನೇಮಕವಾಯಿತು. ವರದಿ 1863ರಲ್ಲಿ ಬಂದಿತು. ಇಲ್ಲಿಯ ಛಾವಣಿಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಆಕೆ ಮಲಗಿದಲ್ಲಿಯೇ ಓದಿದಳು. ಭಾರತವನ್ನು ಒಮ್ಮೆಯೂ ಕಾಣಲಿಲ್ಲ. ಅದೇ ಶತಮಾನದಲ್ಲಿ ನಮ್ಮ ಲಿಂಗಸುಗೂರೂ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯಾಗಿತ್ತೆಂಬುದನ್ನು ನಮ್ಮವರು ಮರೆತಿದ್ದಾರೆ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69ರಷ್ಟಿದ್ದ ಸಾವು, ನೀರು, ಚರಂಡಿ, ವಸತಿಗಳು ಸುಧಾರಿಸಿದಂತೆ, 1873ರ ಹೊತ್ತಿಗೆ 18ಕ್ಕೆ ಇಳಿದಿದೆಯೆಂದು ಆಕೆ ಬರೆದಳು.

ಆಸ್ಪತ್ರೆಯನ್ನು ಹೇಗೆ ಕಟ್ಟಬೇಕೆಂಬುದರಲ್ಲಿ ಆಕೆಯ ಮಾತು ಖಚಿತ. ವಾರ್ಡಿನ ಎದುರುಬದುರು ಗೋಡೆಗಳೆರಡರಲ್ಲಿಯೂ ಕಿಟಕಿಗಳಿರಬೇಕು. ಅವು ಮಾಳಿಗೆಯ ಸಮೀಪದವರೆಗೂ ಎತ್ತರವಾಗಿರಬೇಕು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ 1871ರ ಹೊಸ ಕಟ್ಟಡ ಈ ಕ್ರಮದಲ್ಲಿಯೇ ಎದ್ದಿತು. ಕಾರಣ ಸರಳ. ಒಂದೇ ಬದಿಗೆ ಕಿಟಕಿಯಿದ್ದರೆ ಒಳಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಬಿಸಿಯಾದ ಉಸಿರು ಮೇಲೇರುತ್ತದೆಯಾದ್ದರಿಂದ ಮೇಲೊಂದು ಕಿಂಡಿ ಬೇಕು. ಸಿಂಧನೂರಿನ ಬೇಸಿಗೆಯಲ್ಲಿ ನಾವು ಬಾಗಿಲು ಮುಚ್ಚಿ ಫ್ಯಾನು ಹಾಕುತ್ತೇವೆ. ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ.

ಇದು ನನಗೆ ಪುಸ್ತಕದ ವಿಷಯವಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮಸ್ಕಿಯಲ್ಲಿ ನಮ್ಮ ಸೋದರಮಾವನವರಿಗೆ ಕ್ಷಯ ತಗುಲಿದಾಗ, ಗಾಳಿ ಹತ್ತಬಾರದೆಂದು ಮನೆಯ ಹಿರಿಯರು ಕಿಟಕಿಗೆ ಗೋಣಿತಟ್ಟು ಕಟ್ಟಿ, ಬೆಳಕಿಂಡಿಗೆ ಕಲ್ಲು ಮುಚ್ಚಿದರು. ಪ್ರೀತಿಯಿಂದಲೇ ಮಾಡಿದರು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಮಗಳಿಗೂ ವರ್ಷದೊಳಗೆ ಕೆಮ್ಮು ಹಿಡಿಯಿತು. ಆಶಾ ಕಾರ್ಯಕರ್ತೆಯೊಬ್ಬರು ಬಂದು ಗೋಣಿಯನ್ನು ತಾವೇ ಬಿಚ್ಚಿದರು. ಆರು ತಿಂಗಳ ಮಾತ್ರೆಯಿಂದ ಇಬ್ಬರೂ ಗುಣವಾದರು. ರೋಗಿಯನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಸರಿಯಾದ ಔಷಧ ನಡೆದರೆ ಮನೆಯ ಚಿಕಿತ್ಸೆ ಸ್ಯಾನಟೋರಿಯಮ್ಮಿಗೆ ಸಮವೆಂಬುದು 1959ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನದಿಂದಲೇ ಸಿದ್ಧವಾಗಿದೆ.

ವಿಚಿತ್ರವೆಂದರೆ, ನೈಟಿಂಗೇಲಳ ಸಿದ್ಧಾಂತ ತಪ್ಪಾಗಿತ್ತು. ಕೊಳೆತ ವಸ್ತುವಿನ ದುರ್ವಾಯುವೇ ರೋಗಕಾರಣವೆಂದು ನಂಬಿ, ಅಂಟುರೋಗದ ವಾದವನ್ನು ಬಹುಕಾಲ ಹಳಿದಳು. 1882ರಲ್ಲಿ ಕಾಖ್ ಕ್ಷಯದ ಜಂತುವನ್ನು ತೋರಿಸಿಕೊಟ್ಟನು. ಕೆಮ್ಮಿನ ಸಣ್ಣ ಹನಿಗಳು ಒಣಗಿ, ಬಹುಹೊತ್ತು ಗಾಳಿಯಲ್ಲಿ ತೇಲುತ್ತವೆಯೆಂದು 1934ರಲ್ಲಿ ವಿಲಿಯಂ ವೆಲ್ಸ್ ವಿವರಿಸಿದನು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಹಂದಿಗಳ ಗೂಡಿಗೆ ಹಾಯಿಸಿದರು. ರೋಗಿಯನ್ನು ಮುಟ್ಟದ ಪ್ರಾಣಿಗಳಿಗೂ ರೋಗ ಬಂದಿತು. ತೇಲುವ ಕಣಗಳು ಕೋಣೆಯಿಂದ ಬೇಗ ಹೊರಬಿದ್ದಷ್ಟೂ ಅಪಾಯ ಕಡಿಮೆ. ಪೆರು ದೇಶದ ಲಿಮಾದಲ್ಲಿ ಎಂಟು ಆಸ್ಪತ್ರೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಿಟಕಿ ತೆರೆದಿಟ್ಟ ಹಳೆಯ ಎತ್ತರದ ಕೋಣೆಗಳಲ್ಲಿ ಗಾಳಿ ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ 12 ಸಲ. 2020ರ ಕೋವಿಡ್ ಕಾಲದಲ್ಲಿಯೂ ಬಹಳ ಚರ್ಚೆಯ ನಂತರ ಜಗತ್ತು ಕಿಟಕಿಯ ಬಳಿಗೇ ಬಂದಿತು.

ನೈಟಿಂಗೇಲ್ 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ಸಲ್ಲಿಸಲು ಸರ್ಕಾರ ಮುಂದಾದರೂ ಬಂಧುಗಳು ಒಪ್ಪಲಿಲ್ಲ. ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಆಕೆಯ ಸಮಾಧಿಯಿದೆ.