ಚಿತ್ರಕಥೆ ಬರೆದ ಮೇಷ್ಟ್ರು

ಅಭ್ಯಾಸ ಬೋಧನೆಯ ಮೊದಲ ವಾರ ಕಪ್ಪುಹಲಗೆಯ ಮೇಲೆ ನಾನು ಬರೆದ ಎತ್ತನ್ನು ಮಕ್ಕಳು ನಾಯಿ ಎಂದರು. ಆಮೇಲೆ ಚಿತ್ರ ಬರೆಯುವುದನ್ನೇ ಬಿಟ್ಟೆ. ಆ ದಿನಗಳಲ್ಲೇ ರೊಡಾಲ್ಫ್ ಟಾಪ್ಫರ್ ಅವರ ಜೀವನ ಓದಿದೆ.

ಟಾಪ್ಫರ್ 1799ರಲ್ಲಿ ಜಿನೀವಾದಲ್ಲಿ ಹುಟ್ಟಿದರು. ತಂದೆ ಹೆಸರಾಂತ ಚಿತ್ರಕಾರರು. ಮಗನಿಗೂ ಅದೇ ಆಸೆ. ಆದರೆ ಕಣ್ಣಿನ ದೋಷ ಆ ದಾರಿ ಮುಚ್ಚಿತು. ಅವರು ಮೇಷ್ಟ್ರಾಗಿ, ಹುಡುಗರಿಗಾಗಿ ವಸತಿಶಾಲೆ ತೆರೆದರು. ಸರಳ ಗೆರೆ ಮಾತ್ರ ಕೈಬಿಡಲಿಲ್ಲ. ಶಿಷ್ಯರನ್ನು ನಗಿಸಲು ಚೌಕಗಳಲ್ಲಿ ಚಿತ್ರ, ಕೆಳಗೆ ಒಂದೆರಡು ಸಾಲು ಬರೆದು ಕಥೆ ಕಟ್ಟಿದರು. ಆ ಹಸ್ತಪ್ರತಿಗಳನ್ನು ಜರ್ಮನ್ ಕವಿ ಗಯಟೆ ಕಂಡು ಮೆಚ್ಚಿದರು.

1832ರಲ್ಲಿ ಟಾಪ್ಫರ್ ಅಕಾಡೆಮಿಯ ಪ್ರಾಧ್ಯಾಪಕರಾದರು. ತಮಾಷೆಯ ಪುಸ್ತಕದಿಂದ ಆ ಗೌರವಕ್ಕೆ ಕುಂದು ಬಂದೀತೆಂಬ ಅಳುಕಿತ್ತು. ಜಾಬೋ ಎಂಬ ಡೌಲುಗಾರನ ಕಥೆಯನ್ನು 1833ರಲ್ಲಿ ತಾವೇ ಅಚ್ಚು ಹಾಕಿಸಿದರೂ, ಮಾರಾಟಕ್ಕೆ ಬಿಟ್ಟದ್ದು 1835ರಲ್ಲಿ. ವಿಶೇಷ ಕಾಗದದ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಿ ಮುದ್ರಿಸುವ ವಿಧಾನ ಅದು. ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಬೇಕಿರಲಿಲ್ಲ. ಹೀಗಾಗಿ ಅವರ ಕೈಯ ಗೆರೆಯೇ ಓದುಗರಿಗೆ ಸಿಕ್ಕಿತು. ಪುಸ್ತಕಗಳು ಎಷ್ಟು ಹಿಡಿಸಿದವೆಂದರೆ, 1839ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ನಕಲು ಬಂತು. 1846ರಲ್ಲಿ, 47ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇಂದು ಅವರನ್ನು ಕಾಮಿಕ್ಸ್ ಕಲೆಯ ಮೂಲಪುರುಷರೆಂದು ಗೌರವಿಸುತ್ತಾರೆ.

ಮುಂದಿನ ಪಾಠಕ್ಕೆ ಹಲಗೆಯ ಮೇಲೆ ನಾಲ್ಕು ಚೌಕ ಎಳೆದು, ಮೊದಲನೆಯದರಲ್ಲಿ ಅದೇ ಎತ್ತನ್ನು ಬರೆದೆ. ಮಕ್ಕಳು ಮತ್ತೆ ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಕೊಂಬು ತಿದ್ದಿದಳು. ಉಳಿದ ಮೂರು ಚೌಕಗಳನ್ನು ತರಗತಿಯೇ ತುಂಬಿತು.